ನಿಂಬೆ ಜಾತಿಯ ತೋಟಗಳಲ್ಲಿ ಹಣ್ಣುನೊಣದ ಬಲೆ: ಆಯ್ಕೆ, ಕಟ್ಟುವ ಕ್ರಮ, ಲೆಕ್ಕ

ಹಣ್ಣುನೊಣವನ್ನು ಸೆಳೆಯುವ ವಾಸನೆಯ ವಸ್ತುವಾದ ಮೀಥೈಲ್ ಯೂಜಿನಾಲ್ ಹಾಕಿದ ಬಾಟಲಿಯಲ್ಲಿ ಒಂದು ವಾರಕ್ಕೆ ಹಿಡಿಯಷ್ಟು ಸತ್ತ ನೊಣಗಳು ಸಿಕ್ಕರೆ ಬೆಳೆಗಾರನಿಗೆ ಸಮಾಧಾನವಾಗುವುದು ಸಹಜ. ಆದರೆ ಆ ಬಾಟಲಿಯಲ್ಲಿ ಬಿದ್ದಿರುವ ಹಣ್ಣುನೊಣಗಳು ಬಹುಮಟ್ಟಿಗೆ ಎಲ್ಲವೂ ಗಂಡು. ಸಿಪ್ಪೆಯನ್ನು ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು ನೊಣ, ಮತ್ತು ಅದಕ್ಕೆ ಈ ವಾಸನೆಯ ಸೆಳೆತ ಇಲ್ಲವೆಂದೇ ಹೇಳಬೇಕು. ಬಲೆಯನ್ನು ಯಾವಾಗ ಕಟ್ಟಬೇಕು, ಎಷ್ಟು ಕಟ್ಟಬೇಕು, ಅದರಲ್ಲಿ ಬಿದ್ದ ನೊಣಗಳ ಸಂಖ್ಯೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು, ಬಲೆಯ ಜೊತೆಗೆ ಇನ್ನೇನು ಮಾಡಬೇಕು ಎಂಬುದೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿದೆ. ದೇವನಹಳ್ಳಿಯ ಕಡೆ ಚಕ್ಕೋತ ಬೆಳೆಯುವವರು, ನಗರದ ಹೊರವಲಯದ ತೋಟಗಳಲ್ಲಿ ಕಿತ್ತಳೆ, ಮೂಸಂಬಿ, ಗಜನಿಂಬೆ ಹಾಕಿರುವವರು, ಬಸವನಗುಡಿ ಅಥವಾ ಮಲ್ಲೇಶ್ವರದ ಹಳೆಯ ಮನೆಗಳ ಹಿತ್ತಿಲಲ್ಲಿ ಒಂದೆರಡು ಗಿಡ ಉಳಿಸಿಕೊಂಡಿರುವವರು, ಹೀಗೆ ಎಲ್ಲರಿಗೂ ಉಪಯೋಗವಾಗುವಂತೆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಾನಿ ಯಾರದು ಎಂದು ಮೊದಲು ತಿಳಿಯಿರಿ

ಹಣ್ಣು ಉದುರಿದ ಕೂಡಲೇ ಬಲೆ ಕೊಳ್ಳಲು ಹೊರಡುವ ಮೊದಲು ಉದುರಿದ ಹಣ್ಣುಗಳಲ್ಲಿ ಕೆಲವನ್ನು ಕೊಯ್ದು ನೋಡಬೇಕು. ಹಣ್ಣುನೊಣ ಚುಚ್ಚಿದ ಹಣ್ಣಿನ ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುರುತು ಇರುತ್ತದೆ. ಅದರ ಸುತ್ತ ಸಿಪ್ಪೆ ಬೇಗ ಹಳದಿಗೆ ತಿರುಗಿ, ಕ್ರಮೇಣ ಮೆತ್ತಗಾಗುತ್ತದೆ. ಒಳಗಿನ ತೊಳೆಗಳಲ್ಲಿ ಕಾಲಿಲ್ಲದ, ಒಂದು ತುದಿ ಚೂಪಾದ, ಕೆನೆ ಬಣ್ಣದ ಹುಳಗಳು ಸಿಗುತ್ತವೆ. ಪೂರ್ತಿ ಬೆಳೆದ ಹುಳವನ್ನು ಅಂಗೈ ಮೇಲೆ ಇಟ್ಟರೆ ಅದು ಮೈ ಬಗ್ಗಿಸಿ ಚಿಮ್ಮುತ್ತದೆ. ಇಷ್ಟು ಕಂಡರೆ ಸಂದೇಹಕ್ಕೆ ಎಡೆಯಿಲ್ಲ.

ಕಿತ್ತಳೆ, ಮೂಸಂಬಿಗಳಲ್ಲಿ ಇದರೊಡನೆ ಗೊಂದಲವಾಗುವ ಇನ್ನೊಂದು ಕೀಟವೆಂದರೆ ರಾತ್ರಿ ಹೊತ್ತು ಬಂದು ರಸ ಹೀರುವ ಪತಂಗ. ಇದೂ ಹಣ್ಣಿಗೆ ತೂತು ಮಾಡುತ್ತದೆ, ತೂತಿನ ಸುತ್ತ ಹಣ್ಣು ಕೊಳೆಯುತ್ತದೆ, ಹಣ್ಣು ಉದುರುತ್ತದೆ. ಆದರೆ ಒಳಗೆ ಹುಳವಿರುವುದಿಲ್ಲ, ಹಿಸುಕಿದರೆ ತೂತಿನಿಂದ ರಸ ಒಸರುತ್ತದೆ. ಈ ಪತಂಗದ ಮರಿಹುಳು ಬೆಳೆಯುವುದು ತೋಟದ ಸುತ್ತಲಿನ ಬೇಲಿ, ಪೊದೆಗಳಲ್ಲಿನ ಅಮೃತಬಳ್ಳಿಯಂಥ ಬಳ್ಳಿಗಳ ಮೇಲೆ. ಅದಕ್ಕೆ ಹಣ್ಣುನೊಣದ ಬಲೆಯಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಬಲೆ ಕಟ್ಟಿದರೂ ಹಣ್ಣು ಉದುರುವುದು ನಿಲ್ಲಲಿಲ್ಲ ಎಂಬ ದೂರು ಎದ್ದಲ್ಲಿ, ಬಲೆಯನ್ನು ಬೈಯುವ ಮೊದಲು ಹಣ್ಣನ್ನು ಕೊಯ್ದು ನೋಡುವುದು ವಿವೇಕ.

ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಹಾರುವ ಎಳ್ಳಿನ ಕಾಳಿನಷ್ಟು ಪುಟ್ಟ ನೊಣವೂ ಬೇರೆಯೇ. ಅದು ಆಗಲೇ ಕೊಳೆತ ಹಣ್ಣಿಗೆ ಬರುತ್ತದೆಯೇ ಹೊರತು ಗಿಡದಲ್ಲಿರುವ ಗಟ್ಟಿ ಚಕ್ಕೋತಕ್ಕೆ ತೊಂದರೆ ಕೊಡುವುದಿಲ್ಲ. ಅದಕ್ಕಾಗಿ ವಿನೆಗರ್ ಹಾಕಿದ ಲೋಟ ಇಡುವ ಉಪಾಯವನ್ನು ತೋಟಕ್ಕೆ ತರಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಹಣ್ಣಿನ ಗಿಡಗಳನ್ನು ಕಾಡುವ ನೊಣಗಳಲ್ಲಿ ಮುಖ್ಯವಾದುದು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಗಾತ್ರದಲ್ಲಿ ಮನೆನೊಣದಷ್ಟೇ ಇದ್ದು, ಕಪ್ಪು ಎದೆಯ ಎರಡೂ ಪಕ್ಕದಲ್ಲಿ ಹಳದಿ ಪಟ್ಟಿ, ಕಂದು ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ಕಪ್ಪು ಗುರುತು, ಪಾರದರ್ಶಕ ರೆಕ್ಕೆಯ ಮುಂಚೂಣಿಯಲ್ಲಿ ಕಂದು ಅಂಚು ಇರುತ್ತದೆ. ಇದರ ಜೊತೆಗೆ ಕೆಂಗಂದು ಬಣ್ಣದ ಬ್ಯಾಕ್ಟ್ರೋಸೆರಾ ಝೊನಾಟಾ ಮತ್ತು ಸೀಬೆಯಲ್ಲಿ ಹೆಚ್ಚಾಗಿ ಸಿಗುವ ಬ್ಯಾಕ್ಟ್ರೋಸೆರಾ ಕರೆಕ್ಟಾ ಕೂಡ ಅದೇ ಬಾಟಲಿಗೆ ಬೀಳುತ್ತವೆ, ಏಕೆಂದರೆ ಮೂರು ಜಾತಿಯ ಗಂಡುಗಳನ್ನೂ ಸೆಳೆಯುವ ವಾಸನೆ ಒಂದೇ. ಮಾವು, ಸೀಬೆ ಇವುಗಳ ನೆಚ್ಚಿನ ಹಣ್ಣುಗಳು. ನಿಂಬೆ ಜಾತಿಯ ಸಿಪ್ಪೆಯಲ್ಲಿರುವ ಎಣ್ಣೆಯ ಗ್ರಂಥಿಗಳು ಮೊಟ್ಟೆಗೂ ಎಳೆಯ ಹುಳಕ್ಕೂ ಮಾರಕವಾಗಿರುವುದರಿಂದ ಇಟ್ಟ ಮೊಟ್ಟೆಗಳಲ್ಲಿ ಬಹುಪಾಲು ಹಾಳಾಗುತ್ತವೆ; ಹಸಿರಾಗಿರುವಾಗಲೇ ಕೀಳುವ ನಿಂಬೆಯಲ್ಲಂತೂ ಹುಳ ಅಪರೂಪ. ಆದರೂ ಹಣ್ಣು ಬಣ್ಣ ತಿರುಗಿ, ಸಿಪ್ಪೆ ಸಡಿಲವಾಗುತ್ತಾ ಬಂದಂತೆ ಈ ರಕ್ಷಣೆ ಕುಂದುತ್ತದೆ. ಹುಳ ಬದುಕದಿದ್ದರೂ ಚುಚ್ಚಿದ ಗಾಯದ ಮೂಲಕ ಬೂಷ್ಟು ಒಳನುಗ್ಗಿ ಹಣ್ಣು ಮಾರಾಟಕ್ಕೆ ಬಾರದಂತಾಗುವುದೂ ಉಂಟು.

ಕಾಲವನ್ನು ನಿರ್ಧರಿಸುವ ಬಗೆ

ಮೊಟ್ಟೆ ಒಡೆಯಲು ಒಂದೆರಡು ದಿನ; ಹುಳ ತಿರುಳನ್ನು ತಿಂದು ಬೆಳೆಯಲು ಸುಮಾರು ಒಂದು ವಾರದಿಂದ ಹತ್ತು ದಿನ; ನಂತರ ಅದು ಹಣ್ಣಿನಿಂದ ಹೊರಬಿದ್ದು, ಮಣ್ಣಿನಲ್ಲಿ ಕೆಲವು ಸೆಂಟಿಮೀಟರ್ ಆಳಕ್ಕೆ ಇಳಿದು, ಗೋಧಿಕಾಳಿನಂಥ ಕಂದು ಕೋಶವಾಗಿ ಸುಮಾರು ಹತ್ತು ದಿನ ಕಳೆಯುತ್ತದೆ. ಹೊರಬಂದ ಹೆಣ್ಣು ತಕ್ಷಣ ಮೊಟ್ಟೆ ಇಡುವುದಿಲ್ಲ. ಒಂದೆರಡು ವಾರ ಸಿಹಿ ಮತ್ತು ಪ್ರೋಟೀನ್ ಆಹಾರ ತಿಂದು, ಗಂಡಿನೊಡನೆ ಕೂಡಿ, ಆಮೇಲೆ ಹಣ್ಣನ್ನು ಹುಡುಕುತ್ತದೆ. ಅನುಕೂಲ ಸಿಕ್ಕರೆ ಒಂದೇ ಹೆಣ್ಣು ತನ್ನ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

ಗಂಡುಗಳನ್ನು ತೆಗೆದುಹಾಕುವುದರಿಂದ ಪ್ರಯೋಜನ ಸಿಗಬೇಕಾದರೆ ಅದು ಹೆಣ್ಣುಗಳು ಕೂಡುವ ಮೊದಲೇ ಆಗಬೇಕು. ಹಣ್ಣಿನ ಮೇಲೆ ಚುಚ್ಚಿದ ಗುರುತು ಕಂಡ ಮೇಲೆ ಕಟ್ಟಿದ ಬಲೆ ಆ ಬೆಳೆಯ ಮಟ್ಟಿಗೆ ತಡವಾದ ಬಲೆ. ಆ ಹೆಣ್ಣುಗಳು ಕೂಡಿ ಆಗಿದೆ, ಉಳಿದ ಮೊಟ್ಟೆಗಳನ್ನು ಇಡಲು ಅವಕ್ಕೆ ಇನ್ನು ಗಂಡಿನ ಅಗತ್ಯವಿಲ್ಲ. ಆದ್ದರಿಂದ ಕೊಯ್ಲಿಗೆ 45ರಿಂದ 60 ದಿನ ಮೊದಲು, ಅಂದರೆ ಕಾಯಿ ಇನ್ನೂ ಗಟ್ಟಿಯಾಗಿ ಹಸಿರಾಗಿರುವಾಗಲೇ ಬಲೆಗಳು ತೋಟದಲ್ಲಿರಬೇಕು. ಜನವರಿ-ಫೆಬ್ರುವರಿಯ ಹೂವಿನಿಂದ ವರ್ಷಾಂತ್ಯದ ಹೊತ್ತಿಗೆ ಹಣ್ಣು ಕೀಳುವವರು ಮುಂಗಾರು ಮುಗಿಯುವುದನ್ನು ಕಾಯದೆ ಸಿದ್ಧತೆ ಮಾಡಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಸುತ್ತಲಿನ ತೋಟಗಳಿಗೆ ಇನ್ನೊಂದು ವಿಶೇಷ ತೊಂದರೆಯಿದೆ. ಕೋಲಾರ, ರಾಮನಗರದ ಕಡೆಯದು ಮಾವಿನ ಸೀಮೆ. ನಗರದ ಸುತ್ತ ಸೀಬೆ ತೋಟಗಳೂ, ಮನೆಮನೆಯ ಸೀಬೆ ಮರಗಳೂ ಧಾರಾಳವಾಗಿವೆ. ಏಪ್ರಿಲ್‌ನಿಂದ ಜುಲೈವರೆಗೆ ಮಾವಿನಲ್ಲಿ ಹೆಚ್ಚಿದ ನೊಣಗಳು ಆ ಹಣ್ಣು ಮುಗಿದ ಮೇಲೆ ಸೀಬೆಗೆ ಹೋಗುತ್ತವೆ, ಅಲ್ಲಿಂದ ಬಣ್ಣ ತಿರುಗುತ್ತಿರುವ ಕಿತ್ತಳೆ, ಚಕ್ಕೋತಗಳತ್ತ ಹೊರಳುತ್ತವೆ. ಹೀಗಾಗಿ ಸ್ವಂತ ತೋಟ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬೇಲಿಯಾಚೆ ನೋಡದೆ ಲೆಕ್ಕ ಹಾಕಲಾಗುವುದಿಲ್ಲ.

ಯಾವ ವಾಸನೆ, ಯಾವ ನೊಣಕ್ಕೆ

ಮಾರುಕಟ್ಟೆಯಲ್ಲಿ ‘ಹಣ್ಣುನೊಣದ ಬಲೆ’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಆಕರ್ಷಕಗಳು ಸಿಗುತ್ತವೆ, ಮತ್ತು ಹಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ. ಮಾವು, ಸೀಬೆ, ಕಿತ್ತಳೆ, ಚಕ್ಕೋತಗಳಿಗೆ ಬೇಕಾದುದು ಮೀಥೈಲ್ ಯೂಜಿನಾಲ್. ಹಾಗಲ, ಸೋರೆ, ಕುಂಬಳ, ಸೌತೆಗಳ ನೊಣಕ್ಕೆ ಬೇಕಾದುದು ಕ್ಯೂ ಲ್ಯೂರ್. ಅದನ್ನು ಚಕ್ಕೋತ ತೋಟದಲ್ಲಿ ನೇತುಹಾಕಿದರೆ ಪಕ್ಕದ ಹಾಗಲ ಚಪ್ಪರದ ನೊಣಗಳು ಬಾಟಲಿ ತುಂಬುತ್ತವೆ, ಚಕ್ಕೋತಕ್ಕೆ ಏನೂ ಆಗುವುದಿಲ್ಲ. ಆನ್‌ಲೈನಿನಲ್ಲಿ ಕೆಲವೊಮ್ಮೆ ಕಾಣಸಿಗುವ ಟ್ರೈಮೆಡ್‌ಲ್ಯೂರ್ ಎಂಬುದು ಮೆಡಿಟರೇನಿಯನ್ ಹಣ್ಣುನೊಣಕ್ಕೆ ಮೀಸಲಾದುದು; ಆ ನೊಣ ನಮ್ಮ ದೇಶದಲ್ಲಿ ನೆಲೆಗೊಂಡಿಲ್ಲ. ಡಬ್ಬದ ಮೇಲೆ ಆಕರ್ಷಕದ ಹೆಸರು ಬರೆಯದೆ ಎಲ್ಲ ಹಣ್ಣು, ಎಲ್ಲ ತರಕಾರಿಗೂ ಎಂದು ಮಾರುವ ಬಲೆಯನ್ನು ಕೊಳ್ಳದಿರುವುದೇ ಲೇಸು.

ಗಂಡು ನೊಣದ ಈ ದೌರ್ಬಲ್ಯ ಬಯಲಾದದ್ದು ಭಾರತದಲ್ಲಿಯೇ. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಎಫ್. ಎಂ. ಹೌಲೆಟ್ ಅವರು ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ಹಣ್ಣುನೊಣಗಳು ಮುತ್ತುವುದನ್ನು 1912ರಲ್ಲಿ ದಾಖಲಿಸಿದರು. ಸೆಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂಬುದನ್ನು 1915ರಲ್ಲಿ ತೋರಿಸಿದರು. ತುಳಸಿಯಲ್ಲಿಯೂ ಈ ವಸ್ತು ಇರುವುದರಿಂದ ತುಳಸಿ ಎಲೆಯನ್ನು ಜಜ್ಜಿ ನೀರಿನ ಬಟ್ಟಲಲ್ಲಿಟ್ಟರೂ ನೊಣಗಳು ಬರುತ್ತವೆ. ಎರಡು ಹನಿ ಸೋಪಿನ ದ್ರಾವಣ ಸೇರಿಸಿದರೆ ಮುಳುಗಿ ಸಾಯುತ್ತವೆ. ಆದರೆ ಅದರ ಬಲ ಒಂದೆರಡು ದಿನಕ್ಕೆ ಕುಗ್ಗುತ್ತದೆ. ನೊಣವಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅದು ಸಾಕು, ತೋಟ ಕಾಯಲು ಸಾಲದು.

ಗಂಡು ಈ ವಸ್ತುವಿನ ಹಿಂದೆ ಬೀಳುವುದಕ್ಕೆ ಕಾರಣವಿದೆ. ಅದನ್ನು ನೆಕ್ಕಿದ ಗಂಡಿನ ದೇಹದಲ್ಲಿ ಆ ವಸ್ತು ಹೆಣ್ಣನ್ನು ಸೆಳೆಯುವ ಗಂಧವಾಗಿ ಮಾರ್ಪಡುತ್ತದೆ, ಅಂಥ ಗಂಡಿಗೆ ಜೋಡಿ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಒಳಬಂದ ನೊಣವನ್ನು ಕೊಲ್ಲುವ ವ್ಯವಸ್ಥೆ ಇಲ್ಲದ ಬಲೆ ನಿಷ್ಪ್ರಯೋಜಕ ಮಾತ್ರವಲ್ಲ, ಹಾನಿಕರವೂ ಹೌದು. ಆಕರ್ಷಕವನ್ನು ನೆಕ್ಕಿ ತಪ್ಪಿಸಿಕೊಂಡ ಗಂಡು ಮೊದಲಿಗಿಂತ ಸಮರ್ಥವಾಗಿ ತೋಟಕ್ಕೆ ಮರಳುತ್ತದೆ. ಬತ್ತಿಯ ಮೇಲೆ ವಾಸನೆ ಮಾತ್ರ ಹಾಕಿ, ತೂತುಗಳನ್ನು ಅಗಲವಾಗಿ ಕೊರೆದು ಕಟ್ಟಿದ ಬಾಟಲಿಗಳನ್ನು ನೋಡಿದಾಗಲೆಲ್ಲ ಈ ಮಾತು ನೆನಪಾಗುತ್ತದೆ.

ಬಲೆ ಸಿದ್ಧಪಡಿಸುವುದು

ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹಣ್ಣುನೊಣದ ಬಲೆಯ ವಿಚಾರದಲ್ಲಿ ಬಹಳ ಕೆಲಸ ಮಾಡಿದೆ. ಆಕರ್ಷಕದಲ್ಲಿ ನೆನೆಸಿದ ಮರದ ತುಂಡು ಸಹಿತ ಸಿದ್ಧ ಬಲೆಗಳು ಅಲ್ಲಿಯ ಮಾರಾಟ ಕೇಂದ್ರದಲ್ಲಿಯೂ, ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಒಂದೆರಡು ಎಕರೆಯವರು ಸಿದ್ಧ ತುಂಡನ್ನೇ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಮಾರ್ಗ. ಮಿಶ್ರಣ ಮಾಡುವ ಗೋಜು, ಕೀಟನಾಶಕ ಮುಟ್ಟುವ ಅಪಾಯ ಎರಡೂ ತಪ್ಪುತ್ತವೆ, ಉಳಿತಾಯವೂ ಅಷ್ಟೇನೂ ದೊಡ್ಡದಲ್ಲ. ನಾಲ್ಕಾರು ರೈತರು ಸೇರಿ ಒಟ್ಟಿಗೆ ನೂರಾರು ಬಲೆ ಮಾಡುವಾಗ ಮಾತ್ರ ಸ್ವತಃ ತಯಾರಿಸುವುದಕ್ಕೆ ಅರ್ಥವಿದೆ.

ತಯಾರಿಸುವವರಿಗೆ ಬಳಕೆಯಲ್ಲಿರುವ ಪ್ರಮಾಣ ಹೀಗಿದೆ. ಈಥೈಲ್ ಆಲ್ಕೊಹಾಲ್ ಆರು ಪಾಲು, ಮೀಥೈಲ್ ಯೂಜಿನಾಲ್ ನಾಲ್ಕು ಪಾಲು, ಮೆಲಾಥಿಯಾನ್ ಎಂಬ ಕೀಟನಾಶಕ ಒಂದು ಪಾಲು. ಅಂದರೆ 60 ಮಿ.ಲೀ., 40 ಮಿ.ಲೀ., 10 ಮಿ.ಲೀ. ಐದು ಸೆಂ.ಮೀ. ಉದ್ದ, ಐದು ಸೆಂ.ಮೀ. ಅಗಲ, ಒಂದು ಸೆಂ.ಮೀ. ದಪ್ಪದ ಪ್ಲೈವುಡ್ ತುಂಡುಗಳಿಗೆ ನಡುವೆ ತೂತು ಕೊರೆದು, ಈ ಮಿಶ್ರಣದಲ್ಲಿ 48ರಿಂದ 72 ಗಂಟೆ ಮುಚ್ಚಿದ ಡಬ್ಬದಲ್ಲಿ ನೆನೆಸಬೇಕು. ಹತ್ತಿಗಿಂತ ಮರ ಲೇಸು, ಏಕೆಂದರೆ ಅದು ಹೀರಿದ್ದನ್ನು ನಿಧಾನವಾಗಿ ಬಿಡುತ್ತದೆ. ಹಳೆಯ ಕರಪತ್ರಗಳಲ್ಲಿ ಮೆಲಾಥಿಯಾನ್ ಬದಲಿಗೆ ಡೈಕ್ಲೋರ್ವಾಸ್ ಬಳಸಲು ಹೇಳಿರುವುದುಂಟು. ಅದನ್ನು ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ, 2020ರ ಡಿಸೆಂಬರ್ 31ರಿಂದ ಜಾರಿಗೆ ಬರುವಂತೆ ನಿಷೇಧಿಸಿದೆ, ಆದ್ದರಿಂದ ಹಳೆಯ ಬಾಟಲಿ ಮನೆಯಲ್ಲಿದ್ದರೂ ಬಳಸಬಾರದು. ಉಳಿದ ಕೀಟನಾಶಕಗಳ ನಿಯಮಗಳೂ ಆಗಾಗ ಬದಲಾಗುವುದರಿಂದ ಕೊಳ್ಳುವ ಮೊದಲು ಲೇಬಲ್ ಓದಿ, ರೈತ ಸಂಪರ್ಕ ಕೇಂದ್ರದಲ್ಲಿಯೋ ತೋಟಗಾರಿಕೆ ಇಲಾಖೆಯಲ್ಲಿಯೋ ವಿಚಾರಿಸಬೇಕು. ಕೀಟನಾಶಕವೇ ಬೇಡವೆನ್ನುವವರು ಬಾಟಲಿಯ ತಳದಲ್ಲಿ ಎರಡು ಬೆರಳಿನಷ್ಟು ಸೋಪಿನ ನೀರು ನಿಲ್ಲಿಸಿ, ಅದರ ಮೇಲೆ ವಾಸನೆಯ ತುಂಡನ್ನು ತೂಗಬಿಡಬಹುದು. ನೊಣಗಳು ನೀರಿಗೆ ಬಿದ್ದು ಸಾಯುತ್ತವೆ, ಆದರೆ ಬಿಸಿಲಿಗೆ ನೀರು ಬತ್ತುವುದರಿಂದ ವಾರಕ್ಕೆ ಎರಡು ಬಾರಿಯಾದರೂ ನೋಡಿಕೊಳ್ಳಬೇಕಾಗುತ್ತದೆ.

ಕೈಗವಸು ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2023ರಲ್ಲಿ ಮೀಥೈಲ್ ಯೂಜಿನಾಲನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಬಾಟಲಿಯೊಳಗಿನ ತುಂಡಿನಿಂದ ಹೆದರಬೇಕಾದುದಿಲ್ಲ. ಮಿಶ್ರಣವನ್ನು ಬರಿಗೈಯಲ್ಲಿ ಕಲಸುವುದು, ಅಡುಗೆಮನೆಯ ಪಾತ್ರೆಯಲ್ಲಿ ನೆನೆಸುವುದು, ಮಕ್ಕಳ ಕೈಗೆ ಸಿಗುವಲ್ಲಿ ಇಡುವುದು ಕೂಡದು. ಆಲ್ಕೊಹಾಲ್ ಇರುವುದರಿಂದ ಬೆಂಕಿಯ ಹತ್ತಿರವೂ ಇಡಬಾರದು.

ಬಾಟಲಿಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಮೇಲ್ಭಾಗದಲ್ಲಿ, ಕತ್ತಿನಿಂದ ಸ್ವಲ್ಪ ಕೆಳಗೆ, ಎದುರುಬದುರಾಗಿ ನಾಲ್ಕು ತೂತುಗಳನ್ನು ಸುಮಾರು ಎರಡು ಸೆಂ.ಮೀ. ಅಗಲಕ್ಕೆ ಕೊರೆಯಿರಿ. ಮುಚ್ಚಳದ ಮೂಲಕ ತಂತಿ ಇಳಿಸಿ, ತುಂಡು ತೂತುಗಳ ಮಟ್ಟಕ್ಕೆ ಬರುವಂತೆ ತೂಗಬಿಡಿ. ಒಣ ಬಲೆಯಾದರೆ ತಳದಲ್ಲಿ ಸೂಜಿಯಿಂದ ನಾಲ್ಕಾರು ರಂಧ್ರ ಚುಚ್ಚಿ. ಮಳೆ ಬಂದಾಗ ನೀರು ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ. ಹಳದಿ ಬಣ್ಣದ ಬಾಟಲಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದಕ್ಕಾಗಿ ಅಲೆಯಬೇಕಾಗಿಲ್ಲ. ಈ ಬಲೆಯಲ್ಲಿ ಕೆಲಸ ಮಾಡುವುದು ವಾಸನೆ. ಅದೇ ಕಾರಣಕ್ಕೆ ಮಿಶ್ರಣದ ಹನಿ ಬಾಟಲಿಯ ಹೊರಮೈಗಾಗಲಿ ಎಲೆಗಳಿಗಾಗಲಿ ಸಿಡಿಯಬಾರದು. ಸಿಡಿದರೆ ನೊಣಗಳು ಒಳಗೆ ಹೋಗದೆ ಹೊರಗೇ ಕುಳಿತು ನೆಕ್ಕುತ್ತವೆ.

ಎಲ್ಲಿ, ಎಷ್ಟು

ತೋಟದಲ್ಲಿ ನೊಣದ ಏರಿಳಿತ ತಿಳಿಯಬೇಕೆಂದಷ್ಟೇ ಇದ್ದರೆ ಎಕರೆಗೆ ಎರಡು ಬಲೆ ಸಾಕು. ಗಂಡುಗಳ ಸಂಖ್ಯೆಯನ್ನೇ ಕುಗ್ಗಿಸಬೇಕಾದರೆ ಎಕರೆಗೆ 6ರಿಂದ 8 ಬೇಕು. ಎಂಟು ಬಲೆಗಳೆಂದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 22 ಮೀಟರ್ ಅಂತರ. ಮಾವು, ಸೀಬೆ ಇರುವ ಕಡೆಯ ಬೇಲಿಗೆ ಅಂತರವನ್ನು ಸ್ವಲ್ಪ ಕಡಿಮೆ ಮಾಡಿ, ತೋಟದ ನಡುವೆ ಸ್ವಲ್ಪ ಹೆಚ್ಚಿಸಿಕೊಂಡರೆ ಹೊರಗಿನಿಂದ ಬರುವ ಗಂಡುಗಳಿಗೆ ಅಂಚಿನಲ್ಲಿಯೇ ತಡೆ ಸಿಗುತ್ತದೆ.

ನೆಲದಿಂದ ನಾಲ್ಕರಿಂದ ಆರು ಅಡಿ ಎತ್ತರದಲ್ಲಿ, ಎಲೆಗಳ ನೆರಳಿನಲ್ಲಿ, ಆದರೆ ಗಾಳಿಯಾಡುವಂತೆ ಕಟ್ಟಬೇಕು. ನೇರ ಬಿಸಿಲಿಗೆ ಸಿಕ್ಕ ತುಂಡು ಬೇಗ ಒಣಗುತ್ತದೆ. ದಟ್ಟ ಎಲೆಗಳೊಳಗೆ ಹುದುಗಿದ ಬಾಟಲಿಯ ತೂತುಗಳನ್ನು ಎಲೆಗಳೇ ಮುಚ್ಚುತ್ತವೆ. ಚಕ್ಕೋತದ ಕೊಂಬೆಗಳು ಹಣ್ಣಿನ ಭಾರಕ್ಕೆ ಬಾಗುವುದರಿಂದ ಹಣ್ಣು ದಪ್ಪವಾದಂತೆ ಬಾಟಲಿ ಕೆಳಗಿಳಿದು ಹುಲ್ಲಿಗೆ ತಾಗುವುದನ್ನು ಕಾಣಬಹುದು, ಅಂಥಲ್ಲಿ ಕೊಂಬೆಗೆ ಕಟ್ಟದೆ ಗೂಟಕ್ಕೆ ಕಟ್ಟುವುದು ಒಳ್ಳೆಯದು. ತೂಗುವ ತಂತಿಗೆ ಗ್ರೀಸ್ ಸವರುವುದನ್ನು ಮರೆಯಬೇಡಿ. ಇರುವೆಗಳು ಸತ್ತ ನೊಣಗಳನ್ನು ರಾತ್ರೋರಾತ್ರಿ ಸಾಗಿಸಿಬಿಡುತ್ತವೆ. ಬೆಳೆಗಾರ ಖಾಲಿ ಬಾಟಲಿ ನೋಡಿ ನೊಣವಿಲ್ಲವೆಂದು ತಿಳಿದುಕೊಳ್ಳುತ್ತಾನೆ.

ತುಂಡಿನ ಬಲ ಆರರಿಂದ ಎಂಟು ವಾರ. ಬಿರುಬಿಸಿಲಿನಲ್ಲಿ ಇನ್ನೂ ಬೇಗ ಕುಗ್ಗಬಹುದು. ಬದಲಾಯಿಸಿದ ದಿನಾಂಕವನ್ನು ಬಾಟಲಿಯ ಮೇಲೆಯೇ ಮಾರ್ಕರ್‌ನಿಂದ ಬರೆಯುವುದು ಸುಲಭದ ಉಪಾಯ. ತೆಗೆದ ಹಳೆಯ ತುಂಡನ್ನು ಗಿಡದ ಬುಡದಲ್ಲಿ ಎಸೆಯದೆ, ದೂರದಲ್ಲಿ, ನೀರಿನ ಮೂಲವಿಲ್ಲದ ಕಡೆ ಹೂಳಬೇಕು.

ಎಣಿಸುವುದು ಮತ್ತು ಅರ್ಥಮಾಡಿಕೊಳ್ಳುವುದು

ವಾರಕ್ಕೊಮ್ಮೆ, ಪ್ರತಿ ವಾರವೂ ಅದೇ ದಿನ, ಎಲ್ಲ ಬಾಟಲಿಗಳನ್ನು ಬಿಡಿಸಿ ನೊಣಗಳನ್ನು ಎಣಿಸಿ ಬರೆದಿಡಬೇಕು. ಬಲೆಗೊಂದು ಸಂಖ್ಯೆ ಕೊಟ್ಟು, ಯಾವ ಬಲೆಯಲ್ಲಿ ಎಷ್ಟು ಎಂದು ಪ್ರತ್ಯೇಕವಾಗಿ ಬರೆಯಿರಿ. ಬೇರೆ ಜಾತಿಯ ಕೀಟಗಳು ಬಿದ್ದಿದ್ದರೆ ಅವನ್ನು ಲೆಕ್ಕಕ್ಕೆ ಸೇರಿಸಬೇಡಿ. ನೂರಾರು ಬಿದ್ದಾಗ ಒಂದೊಂದನ್ನೇ ಎಣಿಸುವುದು ಬೇಸರದ ಕೆಲಸ. ನೂರು ನೊಣವನ್ನು ಎಣಿಸಿ ಒಂದು ಸಣ್ಣ ಮುಚ್ಚಳದಲ್ಲಿ ಎಷ್ಟು ಹಿಡಿಯುತ್ತದೆಂದು ನೋಡಿಕೊಂಡು, ಉಳಿದುದನ್ನು ಮುಚ್ಚಳದ ಅಳತೆಯಲ್ಲಿ ಲೆಕ್ಕ ಹಾಕಿದರೆ ಸಾಕು.

ಹೋಲಿಕೆಗೆ ಬೇಕಾದ ಅಂಕಿ ಎಂದರೆ ಒಂದು ಬಲೆಗೆ ಒಂದು ದಿನಕ್ಕೆ ಸರಾಸರಿ ಎಷ್ಟು ನೊಣ ಎಂಬುದು. ಎಂಟು ಬಲೆಗಳಲ್ಲಿ ಏಳು ದಿನಕ್ಕೆ ಒಟ್ಟು 448 ನೊಣ ಬಿದ್ದಿದ್ದರೆ, 448ನ್ನು 56ರಿಂದ ಭಾಗಿಸಿದಾಗ 8 ಬರುತ್ತದೆ. ಮುಂದಿನ ವಾರ ಅದೇ ಬಲೆಗಳಲ್ಲಿ 1,120 ಬಿದ್ದರೆ ಅಂಕಿ 20ಕ್ಕೆ ಏರುತ್ತದೆ. ಇಷ್ಟಕ್ಕಿಂತ ಹೆಚ್ಚಾದರೆ ಅಪಾಯ ಎಂಬ ಒಂದೇ ಗೆರೆ ಎಲ್ಲ ತೋಟಗಳಿಗೂ, ಎಲ್ಲ ಹಣ್ಣುಗಳಿಗೂ ಹೊಂದುವುದಿಲ್ಲ. ಆದ್ದರಿಂದ ಅಂಕಿಗಿಂತ ಅದರ ನಡೆಯನ್ನು ನೋಡಬೇಕು. ಹಣ್ಣು ಇನ್ನೂ ಗಟ್ಟಿ ಹಸಿರಾಗಿರುವಾಗ 20 ಬಂದರೆ ಅದು ಎಚ್ಚರಿಕೆ. ಬಣ್ಣ ತಿರುಗುವ ವಾರದಲ್ಲಿ 8 ಇದ್ದುದು 20 ಆದರೆ ಅಂದೇ ಕೆಲಸಕ್ಕಿಳಿಯಬೇಕು.

ಸಂಖ್ಯೆ ಇಳಿದಾಗಲೂ ಆತುರಪಡಬಾರದು. ಗಂಡುಗಳು ನಿಜವಾಗಿಯೂ ಕಡಿಮೆಯಾಗಿರಬಹುದು, ತುಂಡು ಒಣಗಿರಬಹುದು, ಮೂರು ದಿನ ಜಡಿಮಳೆ ಹಿಡಿದಿರಬಹುದು, ಇರುವೆ ಹತ್ತಿರಬಹುದು, ಆಸುಪಾಸಿನ ಗಿಡಗಳಲ್ಲಿ ಅದೇ ವಸ್ತುವನ್ನು ಆಗಲೇ ನೆಕ್ಕಿ ಬಂದ ಗಂಡುಗಳಿಗೆ ಬಲೆಯ ಸೆಳೆತ ಕಡಿಮೆಯಾಗಿರಬಹುದು. ಒಂದು ಬಾಟಲಿಗೆ ಹೊಸ ತುಂಡು ಹಾಕಿ ಪಕ್ಕದ ಹಳೆಯ ಬಾಟಲಿಯೊಡನೆ ಹೋಲಿಸಿದರೆ ಇವುಗಳಲ್ಲಿ ತುಂಡು ಒಣಗಿದೆಯೇ ಎಂಬ ಸಂದೇಹವಾದರೂ ಪರಿಹಾರವಾಗುತ್ತದೆ.

ಇದರ ಜೊತೆಗೆ ಇನ್ನೊಂದು ಲೆಕ್ಕ ಅಗತ್ಯ, ಮತ್ತು ನನ್ನ ಅಭಿಪ್ರಾಯದಲ್ಲಿ ಮೊದಲನೆಯದಕ್ಕಿಂತ ಮುಖ್ಯ. ತೋಟದ ಬೇರೆ ಬೇರೆ ಭಾಗದ ಹತ್ತು ಗಿಡಗಳನ್ನು ಆರಿಸಿಕೊಂಡು, ಪ್ರತಿ ಗಿಡದಲ್ಲಿ ಹತ್ತು ಹಣ್ಣುಗಳ ಮೇಲೆ ಚುಚ್ಚಿದ ಗುರುತನ್ನು ಹುಡುಕಿ, ಬುಡದಲ್ಲಿ ಬಿದ್ದ ಹಣ್ಣುಗಳನ್ನು ಕೊಯ್ದು ಹುಳವಿದ್ದವು ಎಷ್ಟು ಎಂದು ಬರೆಯಬೇಕು. ಬಲೆಯಲ್ಲಿ ಸಾವಿರ ನೊಣ ಬಿದ್ದೂ ನೂರರಲ್ಲಿ ಹದಿನೈದು ಹಣ್ಣಿಗೆ ಹುಳ ಬಿದ್ದಿದ್ದರೆ ನಿಯಂತ್ರಣ ಆಗಿಲ್ಲ. ಬಲೆಯಲ್ಲಿ ಐವತ್ತೇ ಬಿದ್ದು ಹಣ್ಣು ಶುದ್ಧವಾಗಿದ್ದರೆ ಆಗಿದೆ. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದಾದ್ದರಿಂದ ನೂರರಲ್ಲಿ ತೊಂಬತ್ತು ಗಂಡುಗಳನ್ನು ಹಿಡಿದರೂ ಉಳಿದ ಹತ್ತು ಗಂಡುಗಳೇ ಹೆಣ್ಣುಗಳಿಗೆ ಸಾಕಾಗುತ್ತವೆ.

ಗಂಡುಗಳನ್ನು ಹಿಡಿದೇ ಹಣ್ಣುನೊಣವನ್ನು ಪೂರ್ತಿ ಅಳಿಸಿಹಾಕಿದ ಉದಾಹರಣೆ ಇದೆ. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ನಾರುಹಲಗೆಯ ತುಂಡುಗಳನ್ನು ವಿಮಾನದಿಂದ ಇಡೀ ದ್ವೀಪದ ಮೇಲೆ ಬಿಡಲಾಯಿತು. ಆದರೆ ಅಲ್ಲಿ ಸುತ್ತಲೂ ಸಮುದ್ರ, ಹೊರಗಿನಿಂದ ಕೂಡಿದ ಹೆಣ್ಣುಗಳು ಹಾರಿಬರುವ ಹೆದರಿಕೆಯಿಲ್ಲ. ದೇವನಹಳ್ಳಿಯ ಎರಡು ಎಕರೆಗೆ ಆ ಭಾಗ್ಯವಿಲ್ಲ. ಅಕ್ಕಪಕ್ಕದ ಹತ್ತು ತೋಟಗಳವರು ಒಂದೇ ವಾರದಲ್ಲಿ ಬಲೆ ಕಟ್ಟಿ, ಒಂದೇ ವಾರದಲ್ಲಿ ತುಂಡು ಬದಲಾಯಿಸಿದರೆ ಮಾತ್ರ ಆ ಫಲದ ಸ್ವಲ್ಪ ಭಾಗವನ್ನಾದರೂ ನಿರೀಕ್ಷಿಸಬಹುದು. ಹಾಡೋನಹಳ್ಳಿಯಲ್ಲಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಒಬ್ಬೊಬ್ಬರಾಗಿ ಹೋಗಿ ಕೇಳುವುದಕ್ಕಿಂತ ಗುಂಪಾಗಿ ಹೋಗಿ ಸಲಹೆ ಪಡೆಯುವುದು ಇದೇ ಕಾರಣಕ್ಕೆ ಹೆಚ್ಚು ಫಲಕಾರಿ.

ಹೆಣ್ಣು ನೊಣಕ್ಕೆ ಏನು ಮಾಡಬೇಕು

ಮೊಟ್ಟೆ ಬಲಿಯಲು ಹೆಣ್ಣಿಗೆ ಪ್ರೋಟೀನ್ ಬೇಕು. ಈ ಅಗತ್ಯವನ್ನೇ ಬಳಸಿಕೊಂಡು ಮಾಡಿದ ಪ್ರೋಟೀನ್ ಆಮಿಷಕ್ಕೆ ಹೆಣ್ಣೂ ಗಂಡೂ ಎರಡೂ ಬರುತ್ತವೆ. ಹವಾಯಿಯಂಥ ಕಡೆ ಸ್ಪೈನೋಸ್ಯಾಡ್ ಎಂಬ ಕೀಟನಾಶಕ ಬೆರೆಸಿದ ಪ್ರೋಟೀನ್ ಆಮಿಷವನ್ನು ತೋಟದ ಅಂಚಿನ ಗಿಡಗಳಿಗೆ ಅಲ್ಲಲ್ಲಿ ಹನಿಸುವ ಕ್ರಮ ಬಳಕೆಗೆ ಬಂದಿದೆ. ನಮ್ಮಲ್ಲಿ ಸಣ್ಣ ಪ್ರಮಾಣದಲ್ಲಿ ಬೆಲ್ಲದ ನೀರಿಗೆ ಬ್ರೆಡ್ ಮಾಡುವ ಯೀಸ್ಟ್ ಸೇರಿಸಿ, ಒಂದು ದಿನ ಹುದುಗಿಸಿ, ಅಗಲ ಬಾಯಿಯ ಬಾಟಲಿಯಲ್ಲಿ ನೇತುಹಾಕಬಹುದು. ಇದರ ಸೆಳೆತ ಹತ್ತಿಪ್ಪತ್ತು ಮೀಟರಿಗಿಂತ ಆಚೆ ಹೋಗದು. ಮನೆನೊಣ, ಕಣಜಗಳೂ ಬೀಳುತ್ತವೆ. ವಾರಕ್ಕೊಮ್ಮೆ ದ್ರಾವಣ ಬದಲಾಯಿಸದಿದ್ದರೆ ಬರಿಯ ನಾತ ಉಳಿಯುತ್ತದೆ. ಇಷ್ಟೆಲ್ಲ ಕೊರತೆಯಿದ್ದರೂ ಅದರಲ್ಲಿ ಹೆಣ್ಣು ಬಿದ್ದಿದೆಯೇ ಎಂದು ನೋಡುವುದು ಉಪಯುಕ್ತ. ಹೊಟ್ಟೆಯ ತುದಿಯಲ್ಲಿ ಚೂಪಾದ ಮೊನೆ ಇದ್ದರೆ ಅದು ಹೆಣ್ಣು.

ಆದರೂ ಹೆಣ್ಣಿನ ಸಂತತಿಯನ್ನು ಕಡಿಯುವ ನಿಜವಾದ ಜಾಗ ಗಿಡದ ಬುಡ. ಬಿದ್ದ ಒಂದು ಚಕ್ಕೋತದಲ್ಲಿ ಹತ್ತಾರು ಹುಳಗಳಿರಬಹುದು. ಅದನ್ನು ಮೂರು ದಿನ ಅಲ್ಲಿಯೇ ಬಿಟ್ಟರೆ ಎಲ್ಲವೂ ಮಣ್ಣು ಸೇರುತ್ತವೆ, ಮತ್ತು ಎಂಟು ಬಲೆಗಳು ಹಿಡಿದುದಕ್ಕಿಂತ ಹೆಚ್ಚು ನೊಣಗಳನ್ನು ಆ ಬುಡ ಹೊರಹಾಕುತ್ತದೆ. ದಿನ ಬಿಟ್ಟು ದಿನ ಬಿದ್ದ ಹಣ್ಣನ್ನೂ, ಗಿಡದಲ್ಲಿರುವ ಚುಚ್ಚಿದ ಹಣ್ಣನ್ನೂ ಆಯ್ದು, ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಒಂದು ವಾರ ಇಡಬೇಕು, ಇಲ್ಲವೇ ಎರಡು ಅಡಿಗಿಂತ ಆಳದ ಗುಂಡಿಯಲ್ಲಿ ಹೂತು ಮಣ್ಣನ್ನು ತುಳಿದು ಗಟ್ಟಿ ಮಾಡಬೇಕು. ಗೊಬ್ಬರದ ಗುಂಡಿಗೆ ಹಾಗೆಯೇ ಎಸೆದರೆ ಹುಳಗಳು ಅಲ್ಲಿಯೇ ಕೋಶವಾಗುತ್ತವೆ. ಬುಡದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಮೇಲುಮೇಲೆ ಕೆದಕಿದರೆ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತವೆ. ಕೋಳಿ ಸಾಕಿದವರು ಅವನ್ನು ಗಿಡಗಳ ಕೆಳಗೆ ಬಿಟ್ಟರೆ ಕೆದಕುವ ಕೆಲಸವೂ ತಪ್ಪುತ್ತದೆ. ಕೆಲವೇ ಗಿಡಗಳಿದ್ದಲ್ಲಿ ಚಕ್ಕೋತದಂಥ ದೊಡ್ಡ ಹಣ್ಣಿಗೆ ಬಣ್ಣ ತಿರುಗುವ ಮೊದಲೇ ಬಟ್ಟೆಯ ಚೀಲ ಕಟ್ಟುವುದು ಖಚಿತ ರಕ್ಷಣೆ. ಕಿತ್ತಳೆಯಂಥ ಗೊಂಚಲು ಬೆಳೆಗೆ ಅದು ಕೂಲಿಗೆ ಗಿಟ್ಟುವುದಿಲ್ಲ.

ಹಿತ್ತಿಲ ಗಿಡಗಳವರಿಗೆ

ನಗರದ ಹಿತ್ತಿಲಲ್ಲಿ ಒಂದೇ ಕಿತ್ತಳೆ ಅಥವಾ ಚಕ್ಕೋತ ಮರವಿದ್ದರೆ ಮೀಥೈಲ್ ಯೂಜಿನಾಲ್ ಬಲೆಯಿಂದ ಆ ಮರವನ್ನು ಉಳಿಸಿಕೊಳ್ಳುವ ನಿರೀಕ್ಷೆ ಬೇಡ. ಇಡೀ ಬೀದಿಯ ಗಂಡುಗಳು ಬಂದು ಬೀಳುತ್ತವೆ, ಪಕ್ಕದ ಮನೆಯ ಸೀಬೆಯಲ್ಲಿ ಹುಟ್ಟಿದ ಹೆಣ್ಣು ನಿಮ್ಮ ಹಣ್ಣಿಗೆ ಬರುತ್ತದೆ. ಇಲ್ಲಿ ಚೀಲ ಕಟ್ಟುವುದೇ ಸರಿ. ಬಲೆ ಒಂದಿದ್ದರೆ ಅದು ಯಾವಾಗ ಚೀಲ ಕಟ್ಟಬೇಕೆಂದು ತಿಳಿಸುವ ಸಾಧನವಾಗಿರಲಿ. ಹುಳ ಬಿದ್ದ ಹಣ್ಣನ್ನು ಹಸಿ ಕಸದ ಬುಟ್ಟಿಗೆ ಹಾಕುವ ಮೊದಲು ಮುಚ್ಚಿದ ಚೀಲದಲ್ಲಿ ಬಿಸಿಲಿಗಿಟ್ಟು ಹುಳ ಸತ್ತಿದೆಯೆಂದು ನೋಡಿ, ಚೀಲ ಬಿಚ್ಚಿ ಹಣ್ಣನ್ನು ಮಾತ್ರ ಕೊಡಬೇಕು. ಪಕ್ಕದ ಮನೆಯವರ ಸೀಬೆ ಮರದ ಕೆಳಗಿನ ಹಣ್ಣನ್ನು ಆಯ್ದುಕೊಡುತ್ತೇನೆಂದು ಹೇಳಿ ನೋಡುವುದರಲ್ಲಿಯೂ ತಪ್ಪಿಲ್ಲ. ಒಂದು ಬಲೆ ಮಾಡುವುದಕ್ಕಿಂತ ಹೆಚ್ಚಿನ ಕೆಲಸ ಅದರಿಂದ ಆಗುತ್ತದೆ.

ಕೊಯ್ಲು ಮುಗಿದ ಮೇಲೆ

ಕೊನೆಯ ಹಣ್ಣು ಕಿತ್ತ ಮೇಲೂ ಬಲೆಗಳನ್ನು ಎರಡು ತಿಂಗಳು ಹಾಗೆಯೇ ಬಿಡಬೇಕು, ಏಕೆಂದರೆ ಮಣ್ಣಿನಲ್ಲಿರುವ ಕೋಶಗಳಿಂದ ನೊಣಗಳು ಹೊರಬರುತ್ತಲೇ ಇರುತ್ತವೆ ಮತ್ತು ಹೊಸ ಹಣ್ಣಿಲ್ಲದ ಆ ಅವಧಿಯಲ್ಲಿ ಸಂಖ್ಯೆಯನ್ನು ಕುಗ್ಗಿಸುವುದು ಸುಲಭ. ಗಿಡದಲ್ಲಿ ಅಕಾಲಿಕವಾಗಿ ಉಳಿದ ಒಂದೆರಡು ಹಣ್ಣುಗಳನ್ನೂ ಕಿತ್ತುಹಾಕಬೇಕು. ಅನಂತರ ಎಕರೆಗೆ ಎರಡು ಬಲೆಗಳನ್ನು ಮಾತ್ರ ವರ್ಷವಿಡೀ ಉಳಿಸಿ, ಬಾಕಿ ಬಾಟಲಿಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಬೇರೆ ಬಳಕೆಗೆ ಸಿಗದಂತೆ ಗುರುತು ಹಾಕಿ ಎತ್ತಿಡಬಹುದು. ಬಳಸದೆ ಉಳಿದ ತುಂಡುಗಳನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ, ತಂಪಾದ, ಕತ್ತಲೆಯ ಜಾಗದಲ್ಲಿ, ಆಹಾರ ಪದಾರ್ಥಗಳಿಂದ ದೂರವಿಟ್ಟು, ಸೀಸೆಯ ಮೇಲೆ ವಸ್ತುವಿನ ಹೆಸರನ್ನೂ ತಯಾರಿಸಿದ ದಿನಾಂಕವನ್ನೂ ಬರೆದಿಡಬೇಕು.